ಮಹಡಿ ಕಿಟಕಿಗೆ ಮೆಣಸಿನ ಏಣಿ

ನೀವು ನಂಬುವುದಿಲ್ಲ, ನನಗೆ ಗೊತ್ತು. ನೆಲದಿಂದ ಹದಿನೆಂಟು ಅಡಿ ಮೇಲಿದ್ದ ಹದಿನಾಲ್ಕು ಕಿಟಕಿಗಳ ಹೊರಮೈಯನ್ನು ನಾನು ಮನೆಯ ಒಳಗೇ, ಎರಡೂ ಕಾಲನ್ನು ಹಲಗೆ ನೆಲದ ಮೇಲೆ ಊರಿ ನಿಂತುಕೊಂಡು, ಮೂರೇ ದಿನದಲ್ಲಿ ತೊಳೆದು ಮುಗಿಸಿದ್ದೇನೆ. ನಂಬಬೇಡಿ. ಬಾಳ್ಳುಪೇಟೆಯ ಬಸ್‌ಸ್ಟಾಂಡಿನ ಹೋಟೆಲಿನಲ್ಲಿ ಇದನ್ನು ಹೇಳಿದಾಗ ಅಲ್ಲಿದ್ದವರು ಒಬ್ಬರೂ ನಂಬಲಿಲ್ಲ, ಆದರೂ ನನಗೆ ಎರಡು ಸಲ ಕಾಫಿ ಕುಡಿಸಿದರು. ನೀವು ಕಾಫಿಯನ್ನೂ ಕುಡಿಸುವವರಲ್ಲ, ಹಾಗಾಗಿ ನಿಮ್ಮ ನಂಬಿಕೆ ಕಟ್ಟಿಕೊಂಡು ನನಗೇನೂ ಆಗಬೇಕಿಲ್ಲ. ನಾನಿದನ್ನು ಬರೆಯುತ್ತಿರುವುದು ನನ್ನ ಜಾಣತನ ತೋರಿಸಲಿಕ್ಕೆ. ಇನ್ನೊಂದು ಕಾರಣವೂ ಇದೆ. ಆಗ ಬಂದ ಸಿಟ್ಟು ಇಷ್ಟು ವರ್ಷವಾದರೂ ಇಳಿದಿಲ್ಲ.

ಅದು ತೊಂಬತ್ತರ ದಶಕದ ಕೊನೆ. ಹೊಂಗಡಹಳ್ಳದ ರಸ್ತೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಾನು ಮರಗೆಲಸದವನು. ಕೂಲಿಯಾಳುಗಳ ಲೈನ್ ಮನೆಗಳ ಬಾಗಿಲು, ಸ್ಟೋರಿನ ಮಾಡು, ಬಂಗಲೆಯ ಮರದ ಮಹಡಿ ಎಲ್ಲ ನನ್ನ ಕೈಯಲ್ಲಿತ್ತು. ಎಲ್ಲರೂ 'ಆಚಾರ್ರೇ' ಎಂದೇ ಕರೆಯುತ್ತಿದ್ದರು. ಕಾಫಿ ಕುಯ್ಲು ಮುಗಿದು ಮೆಣಸಿನ ಕುಯ್ಲಿಗೆ ಇನ್ನೊಂದು ವಾರವಿತ್ತು. ಅಷ್ಟರಲ್ಲಿ ಎಸ್ಟೇಟಿನ ಧಣಿಗಳು ತಮಗೆ ಬೀಗರಾಗಲಿರುವವರನ್ನು ಕರೆದುಕೊಂಡು ಬರುತ್ತಾರೆ ಎಂದು ಸುದ್ದಿ ಬಂತು. ಬಂದವರನ್ನು ಮಹಡಿಯ ಹಾಲಿನಲ್ಲಿ ಕೂರಿಸಿ ಬಿಸಿಲೆ ಕಡೆಯ ಬೆಟ್ಟದ ಸಾಲನ್ನು ತೋರಿಸಬೇಕಂತೆ. ತೋರಿಸುವುದು ಹೇಗೆ? ಮಳೆಗಾಲದ ಪಾಚಿ ಗಾಜಿನ ಮೇಲೆ ಒಣಗಿ, ಅದರ ಮೇಲೆ ಕಣದ ಕಾಫಿ ಸಿಪ್ಪೆಯ ಧೂಳು ಕೂತು, ಅದರ ಮೇಲೆ ರಸ್ತೆಯ ಕೆಂಪು ಮಣ್ಣು ಕೂತು, ಬೆಟ್ಟ ಹಾಗಿರಲಿ, ಹೊರಗೆ ಹಗಲೋ ಸಂಜೆಯೋ ಎಂದೂ ತಿಳಿಯುತ್ತಿರಲಿಲ್ಲ.

ನಮ್ಮ ಮ್ಯಾನೇಜರ್ ಬಂದು ಒಂದು ವರ್ಷವಾಗಿತ್ತಷ್ಟೆ. ಕಿಸೆಯಲ್ಲಿ ಸದಾ ಮೂರು ಪೆನ್ನು. ಅಂಗಳದಲ್ಲಿ ನಿಂತು ಮಹಡಿ ನೋಡಿ, "ಆ ಕಿಟಕಿಗಳನ್ನ ಹೊರಗಡೆಯಿಂದ ಯಾರು ಒರೆಸ್ತಾರೆ?" ಎಂದು ನನ್ನನ್ನು ಕೇಳಿದರು.

ಇಲ್ಲಿ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ನನ್ನ ಬಾಯಿ ಹುಟ್ಟಿದಾಗಿನಿಂದ ಆ ಕೆಲಸ ಕಲಿತಿಲ್ಲ. "ನಮ್ ಏಣಿಯಣ್ಣ ಇಲ್ವಾ ಸಾರ್," ಎಂದೆ. "ಅವ್ನು ಏಣಿ ಹಾಕುದ್ರೆ ಚಂದ್ರನ ಮೇಲಿನ ಧೂಳೂ ಒರಸ್ಕಂಡು ಬತ್ತಾನೆ."

ತಮಾಷೆ ಅರ್ಥವಾಗದ ಮನುಷ್ಯರ ಮುಂದೆ ತಮಾಷೆ ಮಾಡುವುದು ಎಷ್ಟು ಅಪಾಯ ಎಂದು ಅವತ್ತು ಗೊತ್ತಾಯಿತು. ಅವರು ಒಂದು ಪೆನ್ನು ತೆಗೆದು ಅದನ್ನು ಬರೆದುಕೊಂಡರು.

ಏಣಿಯಣ್ಣ ಎಂದರೆ ನಮ್ಮ ಲೈನಿನಲ್ಲಿದ್ದ ಮೆಣಸು ಕುಯ್ಯುವವನು. ಐವತ್ತರ ಹತ್ತಿರದ ಆಳು, ಒಣಕಲು ಮೈ. ಮೆಣಸಿನ ಬಳ್ಳಿ ಹಬ್ಬಿದ ನಲವತ್ತಡಿಯ ಸಿಲ್ವರ್ ಮರಕ್ಕೆ ಏಣಿ ಹಾಕಿ, ಬಳ್ಳಿಯ ತುದಿಯ ಕೊನೆಯ ಗೊನೆಯನ್ನೂ ಬಿಡದೆ ಕುಯ್ದು ಇಳಿಯುತ್ತಿದ್ದ. ಒಮ್ಮೆಯೂ ಬಿದ್ದವನಲ್ಲ. ಅವನ ಏಣಿ ನೀವು ತಿಳಿದುಕೊಂಡಂಥ ಏಣಿಯಲ್ಲ. ಅದಕ್ಕೆ ಎರಡು ಕಾಲಿಲ್ಲ. ಒಂದೇ ಬಲಿತ ಬಿದಿರು, ಗಿಣ್ಣುಗಿಣ್ಣಿಗೂ ಕವಲನ್ನು ಗೇಣುದ್ದಕ್ಕೆ ಕಡಿದು ಬಿಟ್ಟಿರುತ್ತದೆ, ಅದೇ ಮೆಟ್ಟಿಲು. ಬುಡ ಚೂಪು, ಮಣ್ಣಿಗೆ ಊರಬೇಕು. ತುದಿಯನ್ನು ಮರಕ್ಕೆ ಹಗ್ಗದಿಂದ ಬಿಗಿಯಬೇಕು. ಮರ, ಮಣ್ಣು, ಹಗ್ಗ ಮೂರೂ ಸೇರಿದರೆ ಮಾತ್ರ ಅದು ಏಣಿ. ಇಲ್ಲದಿದ್ದರೆ ಬರೀ ಉರುಳುವ ಬಿದಿರು.

ಸುದ್ದಿ ಮುಟ್ಟಿದ ಕೂಡಲೇ ಅವನು ನನ್ನ ಹತ್ತಿರ ಬಂದ.

"ಏನ್ ಆಚಾರ್ರೇ, ಗೋಡೆಗೆ ಏಣಿ ಹಾಕ್ಬೇಕಂತೆ? ಗೋಡೆಲಿ ಮೆಣಸು ಬುಟ್ಟೈತಾ?"

"ತಮಾಷೆಗೆ ಅಂದೆ ಕಣೋ ಮಾರಾಯ. ಆವಯ್ಯ ನಿಜ ಅನ್ಕಂಬುಟ್ಟ."

"ನಿಮ್ ತಮಾಷೆಗೆ ನನ್ ಸೊಂಟ ಬೇಕಿತ್ತಾ?"

ಇಬ್ಬರೂ ಮ್ಯಾನೇಜರ್ ಹತ್ತಿರ ಹೋದೆವು. ಬಂಗಲೆಯ ಸುತ್ತ ಕಲ್ಲು ಚಪ್ಪಡಿ ಹಾಸಿದೆ, ಏಣಿಯ ಬುಡ ಊರುವುದಿಲ್ಲ. ಗೋಡೆ ನುಣುಪು, ತುದಿ ಕಟ್ಟಲು ಏನೂ ಇಲ್ಲ. ದುಂಡಗಿನ ಬಿದಿರು ಚಪ್ಪಟೆ ಗೋಡೆಯ ಮೇಲೆ ತಿರುಗುತ್ತದೆ ಎಂದು ನಾನು ಕೈಬೆರಳು ಬಳಸಿ ಮಗುವಿಗೆ ಹೇಳುವಂತೆ ಹೇಳಿದೆ. ಸ್ಟೋರಿನಲ್ಲಿದ್ದ ಎರಡು ಕಾಲಿನ ಏಣಿ ಹತ್ತೇ ಅಡಿ. ಸಕಲೇಶಪುರದಿಂದ ಉದ್ದದ ಏಣಿ ತರಿಸಿ ಎಂದೆ.

"ನಲವತ್ತಡಿ ಮರ ಹತ್ತೋನಿಗೆ ಹದಿನೆಂಟಡಿ ಗೋಡೆ ಏನ್ರೀ ಕಷ್ಟ? ಅರ್ಧಕ್ಕಿಂತ ಕಮ್ಮಿ ಅಲ್ವಾ," ಎಂದರು ಮ್ಯಾನೇಜರ್. ಆಮೇಲೆ ಏಣಿಯಣ್ಣನ ಕಡೆ ತಿರುಗಿ, "ಆಗಲ್ಲ ಅಂದ್ರೆ ಹೇಳಿಬಿಡಪ್ಪ. ಈ ಸಲ ಮೆಣಸಿಗೆ ಆಲೂರು ಕಡೆಯವರನ್ನ ಕರೆಸ್ತೀನಿ. ಅವರಿಗೂ ಲೈನಲ್ಲಿ ಮನೆ ಬೇಕು," ಎಂದರು.

ಅರ್ಧಕ್ಕಿಂತ ಕಮ್ಮಿ. ಈ ಲೆಕ್ಕ ಹಾಕಲು ಮೂರು ಪೆನ್ನು. ಏಣಿಯಣ್ಣ ಏಣಿ ತರಲು ಹೋದ. ಅವನ ಮನೆ, ಅವನ ಕುಯ್ಲು ಎರಡೂ ನನ್ನ ಒಂದು ಮಾತಿನಿಂದ ಗೋಡೆಗೆ ಒರಗಿ ನಿಂತುಬಿಟ್ಟವು.

ನಾನು ಗೋಣಿಚೀಲ ಮಡಿಸಿ ಏಣಿಯ ಬುಡಕ್ಕೆ ಕೊಟ್ಟು, ಅಲ್ಲೇ ಕುಕ್ಕರುಗಾಲಲ್ಲಿ ಕೂತು ಬಿದಿರನ್ನು ತಬ್ಬಿಕೊಂಡೆ. ಮ್ಯಾನೇಜರ್ ಅದಕ್ಕೂ ಬಿಡಲಿಲ್ಲ. "ಒಬ್ಬರು ಏಣಿ ಹಿಡ್ಕೊಂಡು ಕೂತ್ರೆ ಒಳಗಡೆ ಒರೆಸೋರು ಯಾರು? ಮೇಲೆ ಹೋಗಿ," ಎಂದರು. ಹೋದೆ. ಆ ಹೋದದ್ದು ನನ್ನ ಎರಡನೆಯ ತಪ್ಪು.

ಮಹಡಿಯಲ್ಲಿ ಬಂಗಲೆಯಕ್ಕ ಇದ್ದಳು. ಬಂಗಲೆಯ ಅಡಿಗೆ, ಕಸ ಮುಸುರೆ ಎಲ್ಲ ನೋಡುತ್ತಿದ್ದ ಹೆಂಗಸು ಅವಳು. ದೊಡ್ಡ ಆಳು, ಅದಕ್ಕಿಂತ ದೊಡ್ಡ ಗಂಟಲು. ಅವಳೂ ನಾನೂ ಒಳಗಿನಿಂದ ಬಟ್ಟೆ ಹಿಡಿದೆವು. ಮೊದಲ ಕಿಟಕಿ ಚೆನ್ನಾಗಿಯೇ ಆಯಿತು. ಏಣಿಯಣ್ಣ ಹೊರಗಿನಿಂದ ಒರೆಸುತ್ತಾ ಬಂದಂತೆ ಅವನ ಮುಖ ಚೂರುಚೂರೇ ಕಾಣಿಸಿತು, ಮೊದಲು ಮೂಗು, ಆಮೇಲೆ ಒಂದು ಕಣ್ಣು. ನಾನು ನಾಲಿಗೆ ಚಾಚಿ ಅಣಕಿಸಿದೆ. ಅವನು ಒದ್ದೆ ಬಟ್ಟೆಯನ್ನು ಸರಿಯಾಗಿ ನನ್ನ ಮುಖದ ಎದುರಿನ ಗಾಜಿಗೆ ಪಟ್ ಎಂದು ಬಡಿದ.

ಎರಡನೆಯ ಕಿಟಕಿ. ಅವನು ಹತ್ತಿರದ ಗಾಜು ಮುಗಿಸಿ ಆಚೆ ಬದಿಯ ಗಾಜಿಗೆ ಕೈ ಚಾಚಿದ. ಮರದ ಮೇಲಾದರೆ ಹಾಗೆ ಚಾಚಬಹುದು, ಅಲ್ಲಿ ಹಗ್ಗ ಏಣಿಯನ್ನು ಹಿಡಿದಿರುತ್ತದೆ. ಹದಿನೈದು ವರ್ಷದ ಅಭ್ಯಾಸ, ಮೈ ಯೋಚನೆ ಮಾಡುವುದಿಲ್ಲ. ಬಿದಿರು ಗೋಡೆಯ ಮೇಲೆ ಮೆಲ್ಲಗೆ, ಚಪಾತಿ ಕೋಲಿನ ಹಾಗೆ, ಅರ್ಧ ಸುತ್ತು ತಿರುಗಿತು. ಅವನ ಮುಖ ಗಾಜಿನ ಈ ತುದಿಯಿಂದ ಆ ತುದಿಗೆ ಜಾರಿ ಮರೆಯಾಯಿತು. ಕೆಳಗೆ ಏಣಿ ಕಲ್ಲಿಗೆ ಬಿದ್ದ ಸದ್ದು ಕೇಳಿತು.

ಕಿಟಕಿಯ ಕಟ್ಟೆಯ ಅಂಚಿನಲ್ಲಿ ನಾಲ್ಕು ಬೆರಳು ಕಾಣುತ್ತಿದ್ದವು.

ಕಿಟಕಿ ತೆಗೆಯಲು ನೋಡಿದೆ. ವರ್ಷ ವರ್ಷ ಬಳಿದ ಬಣ್ಣ ಬಾಗಿಲನ್ನೂ ಚೌಕಟ್ಟನ್ನೂ ಒಂದು ಮಾಡಿಬಿಟ್ಟಿತ್ತು. ಕೈಯಲ್ಲಿದ್ದ ಬಟ್ಟೆಯನ್ನು ಮೊಣಕೈಗೆ ಸುತ್ತಿ ಕೆಳಗಿನ ಗಾಜಿಗೆ ಗುದ್ದಿದೆ. ಒಡೆದ ಜಾಗದಲ್ಲಿ ಭುಜದವರೆಗೆ ಕೈ ತೂರಿಸಿ ಅವನ ಮಣಿಕಟ್ಟು ಹಿಡಿದೆ. ಒಂದಡಿಯ ಚೌಕದಲ್ಲಿ ಮನುಷ್ಯನನ್ನು ಒಳಗೆ ಎಳೆದುಕೊಳ್ಳಲು ಆಗುವುದಿಲ್ಲ, ಹಿಡಿದುಕೊಂಡಿರಬಹುದು ಅಷ್ಟೆ.

"ಬುಡ್ಬೇಡಿ ಆಚಾರ್ರೇ," ಎಂದ. ಕೂಗಲಿಲ್ಲ, ಮಾಮೂಲಿ ದನಿಯಲ್ಲೇ ಹೇಳಿದ.

ಕೆಳಗೆ ಏಣಿ ಬಿದ್ದಿದೆ, ಅದರ ಪಕ್ಕದಲ್ಲೇ ಮ್ಯಾನೇಜರ್ ನಿಂತಿದ್ದಾರೆ. ಬಗ್ಗಿ ಎತ್ತಿ ಒರಗಿಸಿದರೆ ಮುಗಿಯಿತು. ಅವರು ಎತ್ತಲಿಲ್ಲ. "ಗಾಜು, ಗಾಜು" ಎನ್ನುತ್ತಿದ್ದರು. ಬಂಗಲೆಯಕ್ಕ ಧಡಧಡ ಮೆಟ್ಟಿಲಿಳಿದು ಓಡಿದಳು, ಮ್ಯಾನೇಜರನ್ನು ಅತ್ತ ನೂಕಿದಳು, ಏಣಿಯನ್ನು ಎತ್ತಿ ಗೋಡೆಗೆ ಕೊಟ್ಟು ಬುಡವನ್ನು ಅಪ್ಪಿಕೊಂಡು ಕೂತಳು. "ಎಡಗಾಲು ಕೆಳಗ್ ಬುಡೋ, ಇನ್ನೊಂಚೂರು, ಅಲ್ಲೇ ಐತೆ ಗಿಣ್ಣು," ಎಂದು ಕೂಗಿ ಹೇಳುತ್ತಾ ಅವನ ಹೆಬ್ಬೆರಳಿಗೆ ಮೆಟ್ಟಿಲು ಸಿಗುವಂತೆ ಮಾಡಿದಳು. ಅವನು ಇಳಿದ. ಗಾಜಿನ ಚೂರು ತಾಗಿ ಅವನ ಮುಂಗೈ ಹರಿದಿತ್ತು. ಬಂಗಲೆಯಕ್ಕ ಒಂದು ಹಿಡಿ ಕಾಫಿಪುಡಿ ಒತ್ತಿ ಬಟ್ಟೆ ಕಟ್ಟಿದಳು.

ನಾನು ಕೆಳಗೆ ಬಂದಾಗ ಮ್ಯಾನೇಜರ್ ಆಡಿದ ಮೊದಲ ಮಾತು ನನಗೆ ಇನ್ನೂ ಅಕ್ಷರ ಬಿಡದೆ ನೆನಪಿದೆ.

"ಗಾಜು ಒಡೆದಿದ್ದು ನೀವೇನ್ರೀ? ಅದು ಹಳೇ ಕಾಲದ ಗಾಜು. ಅಂಥದ್ದು ಈಗ ಎಲ್ಲಿ ಸಿಗುತ್ತೆ?"

"ಇಂಥ ಆಳು ಎಲ್ ಸಿಕ್ತಾನೆ ಸಾರ್?" ಎಂದಳು ಬಂಗಲೆಯಕ್ಕ.

ಅವರಿಗೆ ಅದು ಕೇಳಿಸಲಿಲ್ಲ, ಅಥವಾ ಕೇಳಿಸಿಕೊಳ್ಳಲಿಲ್ಲ. "ಕಾಫಿ ಕುಡಿದು ಸುಧಾರಿಸ್ಕೊಳ್ಳಲಿ. ಆಮೇಲೆ ಮತ್ತೆ ಹತ್ತಲಿ. ಈ ಸಲ ಬೇಕಾದ್ರೆ ಒಬ್ಬರು ಏಣಿ ಹಿಡ್ಕೊಳ್ಳಿ," ಎಂದರು. ಬೇಕಾದರೆ, ಅಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅದಕ್ಕಿಂತ ಹೆಚ್ಚು ಉರಿಸಿದ್ದು ಏಣಿಯಣ್ಣ ತಲೆಯಾಡಿಸಿ "ಆಯ್ತು ಸಾರ್" ಎಂದದ್ದು. ಮುಂಗೈಯ ಗಾಯಕ್ಕೆ ಕಟ್ಟಿದ ಬಟ್ಟೆ ಕೆಂಪಾಗುತ್ತಿತ್ತು. ಆದರೂ ಹತ್ತಲು ಹೊರಟಿದ್ದ. ಆಗ ತೀರ್ಮಾನ ಮಾಡಿದೆ: ಇವತ್ತು ಈ ಗೋಡೆಯನ್ನು ಯಾರೂ ಹತ್ತುವುದಿಲ್ಲ. ಮ್ಯಾನೇಜರಿಗೆ ಬುದ್ಧಿ ಹೇಳಿ ಆಗದು, ಏಣಿಯಣ್ಣನ ಬಾಯಲ್ಲಿ 'ಇಲ್ಲ' ಬರದು. ಇನ್ನು ಉಳಿದದ್ದು ಏಣಿ. 'ಇಲ್ಲ' ಎಂದು ಅದೇ ಹೇಳಬೇಕು.

ಅವರೆಲ್ಲ ಕಾಫಿ ಕುಡಿಯುತ್ತಿರುವಾಗ ನಾನು ಏಣಿಯನ್ನು ಅಡಿಗೆಮನೆಯ ಹಿಂದಕ್ಕೆ ಒಯ್ದೆ. ಶೋಧಿಸಿ ಉಳಿದ ಕಾಫಿ ಗಸಿ, ಒಂದು ಸುಟ್ಟ ಬೆಂಕಿಕಡ್ಡಿ, ಒಂದು ಕೋಳಿಪುಕ್ಕ. ಇಷ್ಟರಿಂದ ಏಳನೆಯ ಗಿಣ್ಣಿನಿಂದ ಒಂಬತ್ತನೆಯ ಗಿಣ್ಣಿನವರೆಗೆ ಒಂದು ಸೀಳು ಬರೆದೆ. ಸೀಳು ಬರೆಯುವುದು ಸುಲಭವಲ್ಲ ಸ್ವಾಮಿ. ದಡ್ಡನಾದರೆ ನೇರ ಗೆರೆ ಎಳೆಯುತ್ತಾನೆ. ಬಿದಿರಿನ ಸೀಳು ಗಿಣ್ಣಿನ ಹತ್ತಿರ ಸಣ್ಣಗಾಗಿ, ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು, ಮತ್ತೆ ಅಗಲವಾಗುತ್ತದೆ. ನಾನು ಬರೆದದ್ದನ್ನು ನೋಡಿದ್ದರೆ ಬಿದಿರಿಗೇ ನೋವಾಗಬೇಕು, ಹಾಗಿತ್ತು.

"ಸಾರ್, ಏಣಿ ಸೀಳ್ಬುಟ್ಟೈತೆ," ಎಂದು ಕರೆದೆ.

ಮೊದಲು ಬಂದವನು ಏಣಿಯಣ್ಣ. ಅವನ ಮುಖ ನೋಡಿದ ಮೇಲೇ ನಾನು ಮಾಡಿದ್ದೇನು ಎಂದು ನನಗೆ ಹೊಳೆಯಿತು. ಆ ಬಿದಿರನ್ನು ಅವನೇ ಹುಡುಕಿ ಕಡಿದು, ನೀರಲ್ಲಿ ನೆನೆಸಿ, ಹೊಗೆಯಲ್ಲಿ ಒಣಗಿಸಿದ್ದ. ಅದು ಹೋದರೆ ಆ ವರ್ಷದ ಕುಯ್ಲಿಗೆ ಬೇರೆ ಏಣಿ ಆಗುವುದಿಲ್ಲ. ಮೊಣಕಾಲೂರಿ ಸೀಳಿನ ಮೇಲೆ ಬೆರಳು ಎಳೆದ. ಬೆರಳನ್ನು ನೋಡಿದ. ಮೂಗಿನ ಹತ್ತಿರ ಹಿಡಿದ. ಆಮೇಲೆ ನನ್ನನ್ನು ನೋಡಿದ. ನಾನು ಆಕಾಶ ನೋಡಿದೆ.

"ಹೌದು ಸಾರ್," ಎಂದ ಅಳುಮೋರೆ ಮಾಡಿಕೊಂಡು. "ಪೂರಾ ಹೋಗ್ಬುಟ್ಟೈತೆ."

ಮ್ಯಾನೇಜರ್ ಬಗ್ಗಿ ನೋಡಿದರು. ಇಷ್ಟು ಸಣ್ಣ ಸೀಳಿಗೆ ಏನೂ ಆಗುವುದಿಲ್ಲ, ನಾನೇ ಹತ್ತಿ ತೋರಿಸುತ್ತೇನೆ ಎಂದರು. ತಾವೇ ಏಣಿಯನ್ನು ಗೋಡೆಗೆ ಒರಗಿಸಿ, ಪ್ಯಾಂಟು ಮೇಲಕ್ಕೆಳೆದುಕೊಂಡು ಹತ್ತಿದರು. ಮೂರನೆಯ ಗಿಣ್ಣಿಗೆ ಕಾಲಿಟ್ಟರು. ಬಿದಿರು ತನ್ನ ಧರ್ಮದಂತೆ ಅರ್ಧ ಸುತ್ತು ತಿರುಗಿತು. ಅವರು ಹೈಡ್ರೇಂಜಾ ಪೊದೆಯೊಳಗೆ, ಬಂಗಲೆಯಕ್ಕ ಬೆಳಿಗ್ಗೆ ಮೀನು ತೊಳೆದ ನೀರು ಚೆಲ್ಲಿದ್ದ ಜಾಗದಲ್ಲಿ, ಹಿಂಭಾಗ ಮೊದಲಾಗಿ ಕೂತರು. ಮೂರು ಪೆನ್ನೂ ಮೂರು ದಿಕ್ಕಿಗೆ ಹಾರಿದವು. ನಾವು ಮೂವರೂ ನಗಲಿಲ್ಲ. ನಗದೆ ಇರುವುದಕ್ಕೆ ಆ ದಿನದ ಎಲ್ಲ ಕೆಲಸಕ್ಕಿಂತ ಹೆಚ್ಚು ಶ್ರಮ ಬೇಕಾಯಿತು. ಎದ್ದು ಮಣ್ಣು ಕೊಡವಿಕೊಂಡು, "ಏನಾದ್ರೂ ಮಾಡಿ ಸಾಯ್ರಿ," ಎಂದು ಹೋದರು. ಹೀಗೆ ನನಗೆ ಅಪ್ಪಣೆ ಸಿಕ್ಕಿತು.

ಈಗ ಕೆಲಸಕ್ಕೆ ಬರುತ್ತೇನೆ.

ಆ ಕಿಟಕಿಗಳಿಗೆ ಸರಳಿಲ್ಲ. ಒಂದೊಂದಕ್ಕೂ ಎರಡೆರಡು ಬಾಗಿಲು, ಹೊರಕ್ಕೆ ತೆರೆಯುತ್ತವೆ. ಕೀಲು ಹಳೆಯ ಮಾದರಿಯದು: ಚೌಕಟ್ಟಿನಲ್ಲಿ ಒಂದು ಕಬ್ಬಿಣದ ಮೊಳೆ ಮೇಲ್ಮುಖವಾಗಿ ನಿಂತಿರುತ್ತದೆ, ಬಾಗಿಲಿನ ಉಂಗುರ ಅದರ ಮೇಲೆ ಕೂತಿರುತ್ತದೆ. ಒಂದು ಅಂಗುಲ ಮೇಲಕ್ಕೆತ್ತಿದರೆ ಬಾಗಿಲು ಕಳಚಿ ಕೈಗೆ ಬರುತ್ತದೆ. ಹಾಗಿರುವಾಗ ಹೊರಗೆ ಹೋಗಿ ನೇತಾಡುವುದು ಯಾಕೆ? ಹೊರಮೈಯನ್ನೇ ಒಳಗೆ ತಂದರಾಯಿತು. ಇದು ಮ್ಯಾನೇಜರ್ ಕೇಳಿದಾಗಲೇ ನನಗೆ ಹೊಳೆಯಬೇಕಿತ್ತು. ಚಂದ್ರನ ಧೂಳಿನ ವಿಚಾರದಲ್ಲಿ ಬಿಜಿಯಾಗಿದ್ದೆ.

ಮೊದಲು ಬಣ್ಣ ಬಿಡಿಸಬೇಕು. ಗರಗಸದ ಹಳೆಯ ಬ್ಲೇಡನ್ನು ಬಾಗಿಲು ಮತ್ತು ಚೌಕಟ್ಟಿನ ನಡುವೆ ತೂರಿಸಿ ಸುತ್ತ ಕುಯ್ದೆ. ಕೀಲಿಗೆ ಅದೇ ಕೋಳಿಪುಕ್ಕದಿಂದ ಸೀಮೆಎಣ್ಣೆ ಬಿಟ್ಟೆ. ಬಾಗಿಲು ಪೂರ್ತಿ ಹೊರಕ್ಕೆ ತೆರೆದಾಗ ಮಾತ್ರ ಮೇಲಕ್ಕೆ ಏಳುತ್ತದೆ, ಮುಚ್ಚಿದಾಗ ಚೌಕಟ್ಟು ತಡೆಯುತ್ತದೆ. ಅಂದರೆ ಕಳಚುವ ಹೊತ್ತಿಗೆ ಅದರ ಭಾರವೆಲ್ಲ ಹೊರಗೆ ಗಾಳಿಯಲ್ಲಿರುತ್ತದೆ. ಕೈ ಜಾರಿದರೆ ಬಾಗಿಲು ಹೋಗುತ್ತದೆ, ಹಿಡಿಯಲು ಬಗ್ಗಿದರೆ ನಾನೂ ಹೋಗುತ್ತೇನೆ. ಅದಕ್ಕೆ ಎರಡು ಹಗ್ಗ. ಒಂದು ಬಾಗಿಲಿನ ನಡುಪಟ್ಟಿಗೆ, ಅದರ ತುದಿ ಏಣಿಯಣ್ಣನ ಗಟ್ಟಿ ಇದ್ದ ಕೈಯಲ್ಲಿ. ಇನ್ನೊಂದು ನನ್ನ ಸೊಂಟಕ್ಕೆ, ಅದರ ತುದಿ ಬೀಟೆ ಮರದ ದೊಡ್ಡ ಮಂಚದ ಕಾಲಿಗೆ. ಎರಡೂ ಗಂಟನ್ನು ಏಣಿಯಣ್ಣನೇ ಹಾಕಿದ, ಮರಕ್ಕೆ ಏಣಿ ಬಿಗಿಯುವ ಅದೇ ಗಂಟು. ಎಳೆದಷ್ಟೂ ಬಿಗಿ, ಒಂದು ತುದಿ ಜಗ್ಗಿದರೆ ಬಿಡುಗಡೆ.

"ಮಂಚ ಜರುಗುದ್ರೆ?" ಎಂದೆ.

ಬಂಗಲೆಯಕ್ಕ ಹೋಗಿ ಮಂಚದ ಮೇಲೆ ಕೂತಳು. "ಈಗ ಜರುಗ್ಸು ನೋಡನ," ಎಂದಳು.

"ಅಕ್ಕ ಕೂತ್ಮೇಲೆ ಬಂಗ್ಲೆ ಜರುಗ್ಬೋದು, ಮಂಚ ಜರುಗಲ್ಲ," ಎಂದ ಏಣಿಯಣ್ಣ. ಬಿದ್ದ ಮೇಲೆ ಅವನು ಆಡಿದ ಮೊದಲ ತಮಾಷೆ ಅದು.

ಪಾದ ಎರಡೂ ನೆಲದ ಮೇಲೆ, ಮೊಣಕಾಲು ಎರಡೂ ಕಿಟಕಿಯ ಕೆಳಗಿನ ಗೋಡೆಗೆ ಒತ್ತಿರಬೇಕು. ಕಿಟಕಿಯ ಕಟ್ಟೆಯ ಮೇಲೆ ಕೂರಬಾರದು, ಹತ್ತಬಾರದು, ಅಲ್ಲಿ ಬಕೆಟ್ಟನ್ನೂ ಇಡಬಾರದು. ಏಣಿಯೇ ಬೇಕು ಎನ್ನುವವರಿಗೂ ಹೇಳುತ್ತೇನೆ: ಎರಡು ಕಾಲಿನ ಏಣಿ ತನ್ನಿ, ನಾಲ್ಕಡಿ ಎತ್ತರಕ್ಕೆ ಒಂದಡಿ ಬುಡ ಹಿಂದಿರಲಿ, ಕೆಳಗೆ ಒಬ್ಬರು ಕೂತಿರಲಿ, ನಿಮ್ಮ ಹೊಟ್ಟೆ ಏಣಿಯ ಎರಡು ಕಾಲಿನ ನಡುವೆಯೇ ಇರಲಿ. ಕೈಗೆ ಎಟುಕದಿದ್ದರೆ ಇಳಿದು ಏಣಿಯನ್ನು ಸರಿಸಿ. ಇಳಿಯಲು ಬೇಜಾರು ಎನ್ನುವವರು ಗಾಜನ್ನು ಕೊಳೆಯಾಗಿಯೇ ಬಿಡಿ, ಬೆಟ್ಟ ಎಲ್ಲೂ ಹೋಗುವುದಿಲ್ಲ.

ಮೊದಲ ದಿನ ಮಧ್ಯಾಹ್ನದ ಹೊತ್ತಿಗೆ ಆರು ಬಾಗಿಲು ಕಳಚಿದೆವು. ಗೋಣಿಚೀಲ ಹಾಸಿ ಗೋಡೆಗೆ ಒರಗಿಸಿಟ್ಟು, ಪಾಚಿಯನ್ನು ಬಿದಿರು ಚಕ್ಕೆಯಿಂದ ಕೆರೆದು, ಅಂಟುವಾಳದ ನೊರೆಯಲ್ಲಿ ತೊಳೆದು, ಹಳೆಯ ಪೇಪರಿನಲ್ಲಿ ಒರೆಸಿದೆವು. ಗಾಜೇ ಇಲ್ಲ ಎನ್ನುವಂತೆ ಬೆಳಕು ಬಂತು. ನಾನು ಜಂಬದಿಂದ ನಿಂತು ನೋಡಿ, ಸರಿ, ವಾಪಸ್ಸು ಹಾಕೋಣ ಎಂದೆ. ಯಾವುದು ಯಾವ ಕಿಟಕಿಯದು? ಗುರುತು ಮಾಡಿರಲಿಲ್ಲ. ಒಂದರ ಉಂಗುರ ಇನ್ನೊಂದರ ಮೊಳೆಗೆ ಕೂರದು, ಒಂದು ಅಕ್ಕಿಕಾಳಿನಷ್ಟು ವ್ಯತ್ಯಾಸ. ಮೂವತ್ತು ವರ್ಷ ಉಳಿ ಹಿಡಿದವನು ಮಾಡುವ ತಪ್ಪೇ ಇದು? ಸಂಜೆಯವರೆಗೂ ಆರು ಬಾಗಿಲನ್ನು ಹೊತ್ತುಕೊಂಡು ಮಹಡಿಯೆಲ್ಲ ಸುತ್ತಿದೆವು.

"ಆಚಾರ್ರು ಬಾಗ್ಲಿಗೆ ಹೆಣ್ಣು ನೋಡ್ತಾವ್ರೆ," ಎಂದಳು ಬಂಗಲೆಯಕ್ಕ.

ಮಾರನೆಯ ದಿನದಿಂದ ಪ್ರತಿ ಬಾಗಿಲಿನ ಅಡಿಯಲ್ಲೂ ಚೌಕಟ್ಟಿನಲ್ಲೂ ಉಳಿಯಿಂದ ಒಂದೇ ಗುರುತು ಕೊರೆದೆ. ಒಂದೊಂದೇ ಕಳಚಿ, ತೊಳೆದು, ಹಾಕಿ, ಮುಂದಕ್ಕೆ. ಮೂರನೆಯ ದಿನ ಸಂಜೆಗೆ ಇಪ್ಪತ್ತೆಂಟು ಬಾಗಿಲೂ ತಮ್ಮ ತಮ್ಮ ಜಾಗದಲ್ಲಿ ಕೂತವು. ಒಡೆದ ಗಾಜಿನ ಜಾಗಕ್ಕೆ ಒಂದು ಹಲಗೆ ಚೂರು ಹೊಡೆದೆ.

ಮಾರನೆಯ ದಿನ ಧಣಿಗಳು ಬಂದರು, ಬೀಗರಾಗುವವರೂ ಬಂದರು. ಬೆಟ್ಟ ನೋಡಿ ಸಂತೋಷಪಟ್ಟರು. ಬಂದ ಹೆಂಗಸರಲ್ಲೊಬ್ಬರು ಹಲಗೆ ಚೂರು ತೋರಿಸಿ ಇದೇನು ಎಂದು ಕೇಳಿದರಂತೆ. "ಆಳುಗಳ ಅಜಾಗರೂಕತೆ," ಎಂದರಂತೆ ಮ್ಯಾನೇಜರ್. ಕಾಫಿ ಕೊಡಲು ಹೋಗಿದ್ದ ಬಂಗಲೆಯಕ್ಕ ಇದನ್ನು ಕಿವಿಯಾರೆ ಕೇಳಿ ಬಂದು ಹೇಳಿದಳು. ಕಿಟಕಿ ಇಷ್ಟು ಚೆನ್ನಾಗಿ ಮಾಡಿಸಿದ್ದೀರಿ ಎಂದು ಧಣಿಗಳು ಅವರ ಬೆನ್ನು ತಟ್ಟಿದರಂತೆ.

ಮುಂದಿನ ವಾರ ಮೆಣಸಿನ ಕುಯ್ಲು ಶುರುವಾಯಿತು. ಸೀಳಿದ ಏಣಿಯಲ್ಲಿ ಹತ್ತುತ್ತೀಯಾ ಎಂದು ಮ್ಯಾನೇಜರ್ ಕೇಳಿದ್ದಕ್ಕೆ ಏಣಿಯಣ್ಣ, "ಮರಕ್ಕೆ ತಡೀತದೆ ಸಾರ್, ಗೋಡೆಗೆ ತಡಿಯಲ್ಲ," ಎಂದು ಹೇಳಿ ಏರಿದ. ಆಲೂರಿನವರು ಬರಲಿಲ್ಲ. ಅವನು ಆ ಸೀಳನ್ನು ಒರೆಸಿ ಹಾಕಲೇ ಇಲ್ಲ. ಮಳೆಗೆ ಮಾಸಿದರೆ ವರ್ಷಕ್ಕೊಂದು ಸಲ ನನ್ನ ಹತ್ತಿರ ಹೊತ್ತು ತಂದು, "ಆಚಾರ್ರೇ, ಸೀಳು ಅಳ್ಕೋಗೈತೆ, ಒಂಚೂರು ತಿದ್ದಿ," ಎನ್ನುತ್ತಿದ್ದ. ಯಾರಾದರೂ ಗೋಡೆ, ಮಾಡು, ಟ್ಯಾಂಕು ಎಂದು ಕರೆದರೆ ಏಣಿ ತಿರುಗಿಸಿ ಅದನ್ನು ತೋರಿಸುತ್ತಿದ್ದ.

ಇದರಲ್ಲಿ ಒಂದೇ ಒಂದು ಸುಳ್ಳಿದೆ, ಅದನ್ನು ಒಪ್ಪಿಕೊಂಡು ನಿಲ್ಲಿಸುತ್ತೇನೆ. ನೀವು ಸೀಳನ್ನೋ ಮಂಚವನ್ನೋ ಅನುಮಾನಿಸುತ್ತಿದ್ದೀರಿ, ಅವೆಲ್ಲ ನಿಜ. ಮ್ಯಾನೇಜರ್ ಪೊದೆಗೆ ಬಿದ್ದದ್ದು ಸುಳ್ಳು. ಅವರು ಆ ಏಣಿಯ ಮೇಲೆ ಕಾಲೇ ಇಡಲಿಲ್ಲ. ಬಗ್ಗಿ ಸೀಳು ನೋಡಿ, ಏಣಿಯಣ್ಣ ಬೇರೆ ಏಣಿ ತಂದು ಹತ್ತಲಿ ಎಂದರು. ಅವನು ಬೀಳುತ್ತಾನೆ ಸಾರ್ ಎಂದು ನಾನು ಮೂರು ಸಲ ಹೇಳಿದೆ, ಅವರು ಒಪ್ಪಲಿಲ್ಲ. ಕೊನೆಗೆ, "ಬಿದ್ರೆ ಇನ್ನೊಂದ್ ಗಾಜು ಹೋಯ್ತದೆ ಸಾರ್," ಎಂದೆ.

ಆಗ ಒಪ್ಪಿದರು.